ದೀಕ್ಷಾಸ್ನಾನ: ನೀರಿಗೆಷ್ಟು ಅಧಿಕಾರ?

ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯ ಓಬರ್‌ಬ್ಯೂರೆನ್ ಎಂಬಲ್ಲಿ ಹದಿನೈದನೇ ಶತಮಾನದ ಕೊನೆಯಲ್ಲಿ ಕನ್ಯೆ ಮರಿಯಳ ಹೆಸರಿನ ಒಂದು ಯಾತ್ರಾಸ್ಥಳವಿತ್ತು. ಹುಟ್ಟುವಾಗಲೇ ಉಸಿರು ನಿಂತ ಕೂಸುಗಳನ್ನು ಜನ ದೂರದೂರದ ಊರುಗಳಿಂದ ಅಲ್ಲಿಗೆ ಹೊತ್ತು ತರುತ್ತಿದ್ದರು. 1486ರಲ್ಲಿ ಕಾನ್‌ಸ್ಟನ್ಸ್‌ನ ಬಿಷಪ್ ರೋಮಿಗೆ ಬರೆದ ದೂರಿನಲ್ಲಿ ಅಲ್ಲಿ ನಡೆಯುತ್ತಿದ್ದುದರ ವಿವರವಿದೆ. ಹೆಂಗಸರು ಕೂಸಿನ ದೇಹವನ್ನು ಕೆಂಡ, ದೀಪಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದರು. ತುಟಿಯ ಮೇಲೊಂದು ಹಗುರವಾದ ಗರಿ ಇಡುತ್ತಿದ್ದರು. ಬಿಸಿಗಾಳಿಗೋ ಇನ್ನೇತಕ್ಕೋ ಗರಿ ಅಲುಗಾಡಿದರೆ ಮಗು ಉಸಿರಾಡಿತು ಎಂದು ಲೆಕ್ಕ. ಆ ಕ್ಷಣಕ್ಕೇ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿ, ಪವಿತ್ರವೆಂದು ಎಣಿಸಿದ ಮಣ್ಣಿನಲ್ಲಿ ಹೂಳುತ್ತಿದ್ದರು. ಇದು ಮೋಸ, ಸತ್ತವರಿಗೆ ಸಂಸ್ಕಾರ ಕೊಡಬಾರದು ಎಂಬುದು ಬಿಷಪರ ದೂರು. ಮುಂದೆ ಬರ್ನ್ ನಗರ 1528ರಲ್ಲಿ ಪ್ರಾಟೆಸ್ಟಂಟ್ ಸುಧಾರಣೆಯ ಕಡೆ ವಾಲಿದಾಗ ಆ ಗುಡಿಯನ್ನು ಕೆಡವಿಹಾಕಲಾಯಿತು. 1990ರ ದಶಕದಲ್ಲಿ ಅಗೆದು ನೋಡಿದ ಪುರಾತತ್ತ್ವಜ್ಞರಿಗೆ ಅಲ್ಲಿ 200ಕ್ಕೂ ಹೆಚ್ಚು ಶಿಶುಗಳ ಎಲುಬುಗಳು ಸಿಕ್ಕವು. ಕೆಲವು ದಿನ ತುಂಬದ ಪಿಂಡಗಳು.

ಆ ತಾಯಿತಂದೆಯರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಒಂದು ಸಿದ್ಧಾಂತವನ್ನು ಗಂಭೀರವಾಗಿ ತೆಗೆದುಕೊಂಡವರು. ದೀಕ್ಷಾಸ್ನಾನವಿಲ್ಲದೆ ರಕ್ಷಣೆಯಿಲ್ಲ, ಮಗುವೂ ಇದಕ್ಕೆ ಹೊರತಲ್ಲ ಎಂದು ಅವರಿಗೆ ಕಲಿಸಲಾಗಿತ್ತು. ಆ ಕಲಿಕೆಯ ಕಟ್ಟಕಡೆಯ ಫಲ ಆ ಗರಿ. ಕ್ರೈಸ್ತ ಧರ್ಮದಲ್ಲಿ ದೀಕ್ಷಾಸ್ನಾನಕ್ಕೂ ರಕ್ಷಣೆಗೂ ಇರುವ ನಂಟೇನು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಎರಡು ತುದಿಗಳಿಂದ ಎಳೆದಾಡುತ್ತಾರೆ. ನೀರಿಲ್ಲದೆ ಮೋಕ್ಷವಿಲ್ಲ ಎನ್ನುವವರು ಒಂದು ಕಡೆ. ನಂಬಿಕೆಯೊಂದೇ ಸಾಕು, ನೀರು ಬರೀ ತೋರಿಕೆಯ ಗುರುತು ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷಗಳಿಗೆ ಬೇಕಾದಷ್ಟು ವೇದವಾಕ್ಯಗಳು ಸಿಗುತ್ತವೆ. ಹಾಗಾಗಿ ವಾಕ್ಯಗಳ ಯುದ್ಧದಿಂದ ಇದು ತೀರುವುದಿಲ್ಲ. ನನಗೆ ಹೆಚ್ಚು ಉಪಯುಕ್ತವಾಗಿ ಕಾಣುವ ದಾರಿ ಬೇರೆ: ಸಭೆ ಈ ನಿಯಮಕ್ಕೆ ಎಲ್ಲೆಲ್ಲಿ ವಿನಾಯಿತಿ ಕೊಟ್ಟಿತು, ಯಾವ ಸಂದರ್ಭದಲ್ಲಿ ಕೊಡಲಾರದೆ ಒದ್ದಾಡಿತು ಎಂದು ನೋಡುವುದು. ವಿನಾಯಿತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದೀಕ್ಷಾಸ್ನಾನದ ಕಟ್ಟುಪಾಡು ಇರುವುದು ಮನುಷ್ಯರ ಮೇಲೆ, ದೇವರ ಮೇಲಲ್ಲ. ಅದು ಒಬ್ಬೊಬ್ಬ ಆತ್ಮ ಪಾರಾಗಲು ಕೊಡುವ ರಹದಾರಿಯೂ ಅಲ್ಲ. ಒಬ್ಬ ಮನುಷ್ಯನನ್ನು ಕ್ರಿಸ್ತನಿಗೂ ಅವನ ಜನಕ್ಕೂ ಸೇರಿಸುವ ಕ್ರಿಯೆ. ಇದನ್ನು ಮರೆತಾಗಲೆಲ್ಲ ಕ್ರೈಸ್ತರು ಒಂದೋ ಭಯಕ್ಕೆ, ಇಲ್ಲವೇ ಉಡಾಫೆಗೆ ಬಿದ್ದಿದ್ದಾರೆ.

ಮೊದಲು ಮೂಲಗ್ರಂಥವನ್ನೇ ನೋಡೋಣ. ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನಿಗೆ, ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರ ಎಂಬ ಅರ್ಥದ ಮಾತು ಹೇಳುತ್ತಾನೆ. ಪಂಚಾಶತ್ತಮ ಹಬ್ಬದ ದಿನ ಪೇತ್ರ ಯೆರೂಸಲೇಮಿನ ಜನರಿಗೆ ಪಶ್ಚಾತ್ತಾಪಪಟ್ಟು ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಪಡೆಯಿರಿ ಎನ್ನುತ್ತಾನೆ. ಇಷ್ಟೇ ಇದ್ದಿದ್ದರೆ ವಾದವೇ ಇರುತ್ತಿರಲಿಲ್ಲ. ಆದರೆ ಅದೇ ‘ಅಪೊಸ್ತಲರ ಕೃತ್ಯಗಳು’ ಗ್ರಂಥದಲ್ಲಿ ಕ್ರಮ ಪದೇ ಪದೇ ತಲೆಕೆಳಗಾಗುತ್ತದೆ. ಸಮಾರ್ಯದ ಜನ ಮೊದಲು ನೀರು ಪಡೆದರು, ಪವಿತ್ರಾತ್ಮ ಬಂದದ್ದು ಆಮೇಲೆ, ಪೇತ್ರ ಮತ್ತು ಯೋಹಾನ ಬಂದು ಕೈಯಿಟ್ಟ ಮೇಲೆ. ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಇದಕ್ಕೆ ಉಲ್ಟಾ: ಪೇತ್ರನ ಮಾತು ಮುಗಿಯುವ ಮೊದಲೇ ಆತ್ಮ ಇಳಿದುಬಂತು, ನೀರು ಹಿಂದಿನಿಂದ ಬಂತು. ಇಲ್ಲಿ ಗಮನಿಸಬೇಕಾದದ್ದು ಪೇತ್ರನ ತೀರ್ಮಾನ. ಆತ್ಮವೇ ಬಂದಾಯಿತು, ಇನ್ನು ನೀರೇಕೆ ಎಂದು ಅವನು ಕೇಳಲಿಲ್ಲ. ಇವರಿಗೆ ನೀರನ್ನು ತಡೆಯಲು ಯಾರಿಗೆ ಹಕ್ಕಿದೆ ಎಂದು ಕೇಳಿದ. ದೇವರು ಒಪ್ಪಿಕೊಂಡವರನ್ನು ಒಪ್ಪಿಕೊಳ್ಳದೆ ಇರಲು ಸಭೆಗೆ ಅಧಿಕಾರವಿಲ್ಲ ಎಂಬುದು ಅಲ್ಲಿನ ತರ್ಕ. ಇನ್ನು ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿ ಸತ್ತ ಕಳ್ಳನಿಗೆ ನೀರೂ ಇಲ್ಲ, ವಿಧಿಯೂ ಇಲ್ಲ. ಸ್ವರ್ಗದ ಭರವಸೆ ಮಾತ್ರ ಸಿಕ್ಕಿತು. ಪೌಲನಂತೂ ಕೊರಿಂಥದವರ ಗುಂಪುಗಾರಿಕೆಗೆ ರೇಗಿ, ನಿಮ್ಮಲ್ಲಿ ಒಂದೆರಡು ಮನೆಯವರನ್ನು ಬಿಟ್ಟರೆ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ, ಅದೇ ಒಳ್ಳೆಯದಾಯಿತು ಎಂಬಂತೆ ಬರೆಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ದೀಕ್ಷಾಸ್ನಾನವೆಂದರೆ ಕ್ರಿಸ್ತನ ಜೊತೆ ಸತ್ತು, ಹೂಳಲ್ಪಟ್ಟು, ಹೊಸ ಬದುಕಿಗೆ ಏಳುವುದು ಎಂದು ಅಷ್ಟೊಂದು ಎತ್ತರಕ್ಕೆ ಒಯ್ದವನೂ ಇದೇ ಪೌಲ.

ಇವು ಪರಸ್ಪರ ವಿರುದ್ಧವಲ್ಲವೇ ಎಂದು ಕೇಳಬಹುದು. ನಂಬಿಕೆ ಬೇರೆ, ನೀರು ಬೇರೆ ಎಂದು ಮೊದಲೇ ಬೇರ್ಪಡಿಸಿಟ್ಟುಕೊಂಡು ಓದುವವರಿಗೆ ಹಾಗೆ ಅನ್ನಿಸುತ್ತದೆ. ಮೊದಲ ಶತಮಾನದ ಆ ಬರಹಗಾರರಿಗೆ ಅಂಥ ವಿಂಗಡಣೆಯ ಅಗತ್ಯವೇ ಕಂಡಿರಲಿಲ್ಲ. ನಂಬಿದವನು ನೀರಿಗಿಳಿಯುತ್ತಿದ್ದ; ನೀರಿಗಿಳಿದವನು ನಂಬಿದವನು. ಐಥಿಯೋಪ್ಯದ ಕಂಚುಕಿ ರಥದಲ್ಲಿ ಹೋಗುತ್ತಾ ಫಿಲಿಪ್ಪನ ಮಾತು ಕೇಳಿ, ದಾರಿಯಲ್ಲಿ ನೀರು ಕಂಡೊಡನೆ ರಥ ನಿಲ್ಲಿಸಿದನಂತೆ. ಎರಡರಲ್ಲಿ ಯಾವುದು ಸಾಕು ಎಂಬ ಪ್ರಶ್ನೆ ಹುಟ್ಟಬೇಕಾದರೆ ಎರಡರ ನಡುವೆ ಕಾಲದ ಅಂತರ ಬರಬೇಕು. ಅದು ಬಂದದ್ದು ಮುಂದೆ.

ಆ ಅಂತರ ಹೇಗೆ ಬೆಳೆಯಿತೆಂದು ತಿಳಿಯಲು ಹಳೆಯ ಕೈಪಿಡಿಗಳೇ ಸಾಕ್ಷಿ. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ಡಿಡಾಖೆ’ ಎಂಬ ಪುಟ್ಟ ಗ್ರೀಕ್ ಕೈಪಿಡಿಯ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ದೀಕ್ಷಾಸ್ನಾನದ ಬಗ್ಗೆ ಅದು ಹೇಳುವುದು ತೀರಾ ವ್ಯಾವಹಾರಿಕ: ಹರಿಯುವ ನೀರು ಒಳ್ಳೆಯದು, ಅದು ಇಲ್ಲದಿದ್ದರೆ ಬೇರೆ ನೀರಾದೀತು, ತಣ್ಣೀರಾಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ನೀರು ಎಷ್ಟು ಆಳವಿರಬೇಕು ಎಂದು ಇಂದಿಗೂ ಜಗಳವಾಡುವವರು ಈ ಸಾಲುಗಳನ್ನು ಒಮ್ಮೆ ಓದಬೇಕು. ಮೂರನೇ ಶತಮಾನದ ರೋಮಿನ ಹಿಪ್ಪೊಲಿಟಸನದೆಂದು ಬಹುಕಾಲ ನಂಬಲಾಗಿದ್ದ ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಗ್ರಂಥದ ಹೊತ್ತಿಗೆ ಚಿತ್ರ ಬದಲಾಗಿದೆ. ಅಲ್ಲಿ ದೀಕ್ಷಾರ್ಥಿ ಮೂರು ವರ್ಷ ಉಪದೇಶ ಕೇಳಬೇಕು. ಅವನು ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ಕಂಡು ಬಂದನೇ ಎಂದು ವಿಚಾರಿಸುತ್ತಾರೆ. ದೀಕ್ಷೆಯ ದಿನ ಕೋಳಿ ಕೂಗುವ ಹೊತ್ತಿಗೆ ನೀರಿನ ಮೇಲೆ ಪ್ರಾರ್ಥನೆ. ಹೆಂಗಸರು ಮುಡಿ ಬಿಚ್ಚಿ, ಮೈಮೇಲಿನ ಒಡವೆ ತೆಗೆದಿಡಬೇಕು. ಹಳೆಯದೇನನ್ನೂ ನೀರಿಗೆ ಒಯ್ಯುವ ಹಾಗಿಲ್ಲ. ಮೊದಲು ಮಕ್ಕಳು, ಮಾತು ಬಾರದ ಮಕ್ಕಳ ಪರವಾಗಿ ಹೆತ್ತವರು ಉತ್ತರ ಕೊಡುತ್ತಾರೆ. ಮೂರು ಪ್ರಶ್ನೆ, ಮೂರು ಉತ್ತರ, ಮೂರು ಮುಳುಗು. ಎಣ್ಣೆ ಹಚ್ಚಿಸಿಕೊಂಡು, ಬಟ್ಟೆ ತೊಟ್ಟು, ಸಭೆ ಸೇರಿರುವಲ್ಲಿಗೆ ಬಂದಾಗ ಮಾತ್ರ ಅವರು ಉಳಿದವರ ಜೊತೆ ಮೊದಲ ಬಾರಿಗೆ ಪ್ರಾರ್ಥಿಸಬಹುದು, ಶಾಂತಿಯ ಮುದ್ದು ಕೊಟ್ಟು ಪಡೆಯಬಹುದು. ಆಮೇಲೆ ರೊಟ್ಟಿ, ದ್ರಾಕ್ಷಾರಸ, ಅದರೊಂದಿಗೆ ಹಾಲು, ಜೇನು.

ಸಿರಿಯಾದ ಯೂಫ್ರಟೀಸ್ ದಂಡೆಯ ಡ್ಯೂರಾ ಯೂರೋಪಸ್ ಪಟ್ಟಣದಲ್ಲಿ ಇದೇ ಕಾಲದ ಒಂದು ಮನೆ ಚರ್ಚನ್ನು 1930ರ ದಶಕದಲ್ಲಿ ಉತ್ಖನನಕಾರರು ಬಗೆದು ತೆಗೆದರು. ಪಟ್ಟಣ 256ರ ಸುಮಾರಿಗೆ ಮುತ್ತಿಗೆಯಲ್ಲಿ ನಾಶವಾಗಿತ್ತು. ಕೋಟೆಗೋಡೆ ಬಲಪಡಿಸಲು ಸುರಿದ ಮಣ್ಣು ಆ ಮನೆಯನ್ನು ಮುಚ್ಚಿ ಕಾಪಾಡಿತ್ತು. ಆ ಮನೆಯಲ್ಲಿ ಚಿತ್ರಗಳಿಂದ ತುಂಬಿದ್ದದ್ದು ದೀಕ್ಷಾಸ್ನಾನದ ಕೋಣೆ ಮಾತ್ರ. ತೊಟ್ಟಿಯ ಮೇಲೆ ಕಮಾನು, ಚಾವಣಿಯಲ್ಲಿ ನಕ್ಷತ್ರಗಳು, ಗೋಡೆಯಲ್ಲಿ ಕುರಿ ಹೊತ್ತ ಕುರುಬ, ಹಾಸಿಗೆ ಎತ್ತಿಕೊಂಡು ನಡೆಯುವ ಪಾರ್ಶ್ವವಾಯು ರೋಗಿ, ನೀರಿನ ಮೇಲೆ ನಡೆಯಲು ಹೊರಟ ಪೇತ್ರ. ನರಕದ ಬೆಂಕಿಯ ಚಿತ್ರ ಅಲ್ಲಿಲ್ಲ. ಈ ಕೋಣೆಯನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಎಲ್ಲಿಂದ ತಪ್ಪಿಸಿಕೊಳ್ಳುತ್ತೇವೆ ಎಂಬುದಕ್ಕಿಂತ ಎಲ್ಲಿಗೆ ಸೇರುತ್ತೇವೆ ಎಂಬುದು. ರಕ್ಷಣೆಯನ್ನು ಅವರು ಒಬ್ಬಂಟಿಯ ಪಾರಾಗುವಿಕೆ ಎಂದುಕೊಂಡಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಈ ಮಾತನ್ನು ಗಟ್ಟಿಮಾಡುತ್ತದೆ. ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಳ್ಳಲು ಕ್ರೈಸ್ತ ಪರಂಪರೆ ಎಲ್ಲೂ ಅವಕಾಶ ಕೊಟ್ಟಿಲ್ಲ. ಯೇಸುವೇ ಯೋರ್ದನಿನಲ್ಲಿ ಯೋಹಾನನ ಕೈಯಿಂದ ಅದನ್ನು ಪಡೆದ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ, ಯಾವ ಸಭೆಯ ದೀಕ್ಷೆಯೂ ಶುದ್ಧವಲ್ಲವೆಂದು ತನ್ನ ತಲೆಗೆ ತಾನೇ ನೀರು ಹಾಕಿಕೊಂಡ. ಬ್ಯಾಪ್ಟಿಸ್ಟ್ ಪಂಗಡದ ಇತಿಹಾಸ ಶುರುವಾಗುವುದೇ ಅವನಿಂದ. ಆದರೆ ಸ್ವಲ್ಪ ಸಮಯದಲ್ಲೇ ಅವನಿಗೇ ಅದು ಸರಿ ಕಾಣದೆ, ಅಲ್ಲಿನ ಮೆನ್ನೊನೈಟರ ಸಭೆಗೆ ಸೇರಿಸಿಕೊಳ್ಳುವಂತೆ ಅರ್ಜಿ ಹಾಕಿದ. ದೀಕ್ಷಾಸ್ನಾನ ಪಡೆಯುವಂಥದ್ದು, ಮಾಡಿಕೊಳ್ಳುವಂಥದ್ದಲ್ಲ. ರಕ್ಷಣೆ ಕೃಪೆಯಿಂದಲೇ ಹೊರತು ಮನುಷ್ಯರ ಕ್ರಿಯೆಗಳಿಂದಲ್ಲ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುವುದರಿಂದ ದೀಕ್ಷಾಸ್ನಾನವೆಂಬ ಕ್ರಿಯೆ ರಕ್ಷಣೆಗೆ ಬೇಕಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ. ತಲೆ ಬಾಗಿಸಿ ನಿಂತವನು ಏನನ್ನೂ ಸಾಧಿಸುತ್ತಿಲ್ಲ. ನಂಬಿಕೆಯೊಂದರಿಂದಲೇ ನೀತಿವಂತಿಕೆ ಎಂದು ಸಾರಿದ ಮಾರ್ಟಿನ್ ಲೂಥರ್ ಕೂಡ ದೀಕ್ಷಾಸ್ನಾನವನ್ನು ದೇವರ ಕೆಲಸವೆಂದೇ ಎಣಿಸಿದ. ಅದನ್ನು ಮನುಷ್ಯನ ಪುಣ್ಯಕಾರ್ಯಗಳ ಸಾಲಿಗೆ ಸೇರಿಸಿದವರನ್ನು ಅವನು ಬಿಡಲಿಲ್ಲ.

ಈಗ ವಿನಾಯಿತಿಗಳಿಗೆ ಬರೋಣ. ಉಪದೇಶದ ಅವಧಿ ಮೂರು ವರ್ಷಕ್ಕೆ ಬೆಳೆದ ಮೇಲೆ ಮಧ್ಯದಲ್ಲಿ ಸಾಯುವವರು ಇದ್ದೇ ಇರುತ್ತಾರೆ. ರೋಮನ್ ಹಿಂಸೆಯ ಕಾಲದಲ್ಲಿ ದೀಕ್ಷೆ ಪಡೆಯುವ ಮೊದಲೇ ಕ್ರಿಸ್ತನ ಹೆಸರಿಗಾಗಿ ಕೊಲೆಯಾದವರನ್ನು ಏನೆನ್ನಬೇಕು? ಅವರ ರಕ್ತವೇ ಅವರ ದೀಕ್ಷಾಸ್ನಾನ ಎಂದು ಟೆರ್ಟುಲ್ಲಿಯನ್‌ನಂಥವರು 200ರ ಹೊತ್ತಿಗೇ ಹೇಳಿದ್ದರು. ಅದರಾಚೆಗೆ ಹೋದವನು ಮಿಲಾನಿನ ಬಿಷಪ್ ಆಂಬ್ರೋಸ್. 392ರಲ್ಲಿ ಇನ್ನೂ ಹರೆಯದ ಸಾಮ್ರಾಟ ಎರಡನೇ ವಲೆಂಟಿನಿಯನ್ ಗಾಲ್ ಪ್ರಾಂತ್ಯದಲ್ಲಿ ಸಾವಿಗೀಡಾದ. ದೀಕ್ಷೆ ಕೊಡಲು ಬರಬೇಕೆಂದು ಅವನು ಆಂಬ್ರೋಸನಿಗೆ ಹೇಳಿಕಳಿಸಿದ್ದ. ಬಿಷಪ್ ದಾರಿಯಲ್ಲಿದ್ದಾಗ ಸಾವಿನ ಸುದ್ದಿ ಬಂತು. ಶವಸಂಸ್ಕಾರದ ಪ್ರವಚನದಲ್ಲಿ ಅಳುತ್ತಿದ್ದ ಸಹೋದರಿಯರಿಗೆ ಆಂಬ್ರೋಸ್ ಹೇಳಿದ ತಾತ್ಪರ್ಯ ಇಷ್ಟು: ಬೇಡಿದ್ದನ್ನು ಅವನು ಪಡೆದಿದ್ದಾನೆ, ಏಕೆಂದರೆ ಬೇಡಿದ್ದು ಅವನ ಕೈಯಲ್ಲಿತ್ತು, ಸಮಯ ಅವನ ಕೈಯಲ್ಲಿರಲಿಲ್ಲ. ಮಧ್ಯಯುಗದ ಪಂಡಿತರು ಇದನ್ನೇ ಬೆಳೆಸಿ ಬಯಕೆಯ ದೀಕ್ಷಾಸ್ನಾನ ಎಂಬ ಕಲ್ಪನೆ ಕಟ್ಟಿದರು. ದಂಡನೆಗೆ ಗುರಿಮಾಡುವುದು ದೀಕ್ಷೆಯ ಕೊರತೆಯಲ್ಲ, ಅದರ ತಿರಸ್ಕಾರ ಎಂಬ ಸೂತ್ರವೂ ಅಲ್ಲಿಂದ ಬಂತು.

ಇದರ ಪಕ್ಕದಲ್ಲೇ ಒಂದು ವಿಚಿತ್ರವೂ ಬೆಳೆಯಿತು. ದೀಕ್ಷಾಸ್ನಾನ ಹಿಂದಿನ ಪಾಪಗಳನ್ನೆಲ್ಲ ತೊಳೆಯುವುದಾದರೆ, ಆದಷ್ಟು ತಡವಾಗಿ ಪಡೆಯುವುದೇ ಜಾಣತನವಲ್ಲವೇ? ಕಾನ್‌ಸ್ಟಂಟೈನ್ ಚಕ್ರವರ್ತಿ 337ರಲ್ಲಿ ಸಾವಿನ ಹಾಸಿಗೆಯ ಮೇಲೆ ದೀಕ್ಷೆ ಪಡೆದ. ಬಾಲಕ ಆಗಸ್ಟೀನ್ ಹೊಟ್ಟೆನೋವಿನಿಂದ ಸಾಯುವ ಹಾಗಾದಾಗ ತಾಯಿ ಮೋನಿಕಾ ದೀಕ್ಷೆಗೆ ಸಿದ್ಧತೆ ಮಾಡಿದಳು. ಹುಡುಗ ಚೇತರಿಸಿಕೊಂಡ, ದೀಕ್ಷೆ ಮುಂದಕ್ಕೆ ಹೋಯಿತು. ಕೊನೆಗೆ ಅವನು ಮಿಲಾನಿನಲ್ಲಿ ಆಂಬ್ರೋಸನಿಂದ ಅದನ್ನು ಪಡೆದದ್ದು 387ರ ಈಸ್ಟರಿನಲ್ಲಿ, ಮೂವತ್ತು ದಾಟಿದ ಮೇಲೆ. ಆ ಎಂಟು ಮೂಲೆಯ ದೀಕ್ಷಾಕುಂಡದ ಅವಶೇಷವನ್ನು ಈಗಲೂ ಮಿಲಾನ್ ಕೆಥೆಡ್ರಲಿನ ನೆಲದಡಿಯಲ್ಲಿ ನೋಡಬಹುದು. ನೀರನ್ನು ಪಾಪ ತೊಳೆಯುವ ಯಂತ್ರದಂತೆ ಕಂಡರೆ ಇಂಥ ಲೆಕ್ಕಾಚಾರ ತಪ್ಪಿದ್ದಲ್ಲ. ಮುಂದೂಡುವವನಿಗೂ ಓಬರ್‌ಬ್ಯೂರೆನ್‌ಗೆ ಓಡುವವರಿಗೂ ಆಧಾರ ಒಂದೇ ತಿಳಿವಳಿಕೆ.

ಭಯದ ಬೀಜ ಬಿದ್ದದ್ದು ಇದೇ ಆಗಸ್ಟೀನನ ಕೈಯಿಂದ ಎನ್ನುವುದು ಕಹಿ ಸತ್ಯ. ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್‌ನ ಅನುಯಾಯಿಗಳು ಮಗು ನಿಷ್ಪಾಪಿಯಾಗಿ ಹುಟ್ಟುತ್ತದೆ ಎಂದರು. ಆಗಸ್ಟೀನ್ ತಿರುಗಿ ಕೇಳಿದ: ಹಾಗಾದರೆ ಪಾಪಕ್ಷಮೆಗೆಂದು ಕೊಡುವ ದೀಕ್ಷಾಸ್ನಾನವನ್ನು ಕೂಸಿಗೇಕೆ ಕೊಡುತ್ತೇವೆ? ಕೂಸಿಗೂ ಆದಾಮನಿಂದ ಬಂದ ಪಾಪವಿದೆ. ದೀಕ್ಷೆಯಿಲ್ಲದೆ ಸತ್ತ ಕೂಸಿಗೆ ಶಿಕ್ಷೆ ತಪ್ಪಿದ್ದಲ್ಲ, ಆದರೆ ಅತಿ ಹಗುರವಾದದ್ದು. ವಿರೋಧಿ ಬಿಷಪ್ ಜೂಲಿಯನ್ ಇಂಥ ದೇವರು ಕ್ರೂರಿಯಲ್ಲವೇ ಎಂದು ಕೇಳಿದ. ಆಗಸ್ಟೀನನ ವಾದದ ದಿಕ್ಕನ್ನು ಗಮನಿಸಬೇಕು. ಅವನು ಮಗುವಿನ ಪಾಪದಿಂದ ಹೊರಟು ದೀಕ್ಷೆಯ ಅಗತ್ಯಕ್ಕೆ ಬಂದವನಲ್ಲ. ಸಭೆ ಮಕ್ಕಳಿಗೆ ದೀಕ್ಷೆ ಕೊಡುತ್ತಿತ್ತು ಎಂಬ ರೂಢಿಯಿಂದ ಹೊರಟು ಪಾಪವನ್ನು ಊಹಿಸಿದ. ಆ ರೂಢಿಗೆ ಬೇರೆ ಅರ್ಥವಿರಲು ಸಾಧ್ಯವಿತ್ತು. ಅವನಿಗಿಂತ ಒಂದೂವರೆ ಶತಮಾನ ಹಿಂದೆ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಮತ್ತು 66 ಬಿಷಪರ ಸಭೆ, ಮಗು ಹುಟ್ಟಿ ಎಂಟನೇ ದಿನದವರೆಗೂ ಕಾಯಬೇಕಿಲ್ಲ ಎಂದು ತೀರ್ಮಾನಿಸಿದಾಗ ಮುಂದಿಟ್ಟ ಮುಖ್ಯ ಕಾರಣ, ದೇವರ ಕರುಣೆಯನ್ನು ಹುಟ್ಟಿದ ಯಾರಿಗೂ ನಿರಾಕರಿಸುವಂತಿಲ್ಲ ಎಂಬುದಾಗಿತ್ತು. ಒಂದೇ ಆಚರಣೆ, ಒಬ್ಬನ ಕೈಯಲ್ಲಿ ಔದಾರ್ಯ, ಇನ್ನೊಬ್ಬನ ಕೈಯಲ್ಲಿ ಶಿಕ್ಷೆಯ ಸೂತ್ರ. ಆಗಸ್ಟೀನನ ಮೇಧಾವಿತನದ ಬಗ್ಗೆ ಎರಡು ಮಾತಿಲ್ಲ, ಆದರೆ ಇಲ್ಲಿ ವಾದ ಗೆಲ್ಲುವ ಹಟ ಅವನನ್ನು ದೂರ ಒಯ್ದಿತು.

ಮಧ್ಯಯುಗದ ಪಂಡಿತರು ಇದನ್ನು ತಾಳಲಾರದೆ ಕೂಸುಗಳಿಗೆಂದು ನೋವಿಲ್ಲದ, ಆದರೆ ದೇವರ ದರ್ಶನವೂ ಇಲ್ಲದ ಲಿಂಬೋ ಎಂಬ ತಾಣವನ್ನು ಕಲ್ಪಿಸಿದರು. ಇನ್ನೊಂದು ಕಡೆ ನಿಯಮವನ್ನು ಆದಷ್ಟು ಸಡಿಲಿಸಿದರು. ಜೀವಕ್ಕೆ ಅಪಾಯವಿದ್ದರೆ ಪಾದ್ರಿಯೇ ಬೇಕಿಲ್ಲ, ಸೂಲಗಿತ್ತಿ ನೀರು ಹಾಕಬಹುದು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ, ಸಭೆಯ ಉದ್ದೇಶವನ್ನೇ ಇಟ್ಟುಕೊಂಡು ಮಾಡಿದರೆ ಅನ್ಯಧರ್ಮೀಯ ಕೊಟ್ಟ ದೀಕ್ಷೆಯೂ ಊರ್ಜಿತ ಎಂದಿತು. ಇಂದಿನ ಕಥೋಲಿಕ ಕಾನೂನಿನಲ್ಲೂ ಅದು ಹಾಗೇ ಇದೆ. ಬಾಗಿಲನ್ನು ಇಷ್ಟು ಅಗಲ ತೆರೆದ ಧರ್ಮಸಭೆ ಬಾಗಿಲಾಚೆ ಉಳಿದವರ ಬಗ್ಗೆ ಕಲ್ಲಾಗಿರಲು ಆಗುತ್ತಿರಲಿಲ್ಲ. ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಎಂಬ ಅರ್ಥದ ಮಾತು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ದೀಕ್ಷೆಯಿಲ್ಲದೆ ಸತ್ತ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿಯಾದ ಆಧಾರಗಳಿವೆ ಎಂದಿತು. ಓಬರ್‌ಬ್ಯೂರೆನ್‌ಗೆ ಆ ಕೂಸುಗಳನ್ನು ಹೊತ್ತುತಂದು 500 ವರ್ಷಗಳಾಗಿದ್ದವು.

ಹಾಗಾದರೆ ದೀಕ್ಷಾಸ್ನಾನವೇ ಏಕೆ? ನೀರಿಲ್ಲದೆಯೂ ದೇವರು ಉಳಿಸಬಲ್ಲನಾದರೆ ನೀರು ಅಲಂಕಾರವಲ್ಲವೇ? ಹದಿನೇಳನೇ ಶತಮಾನದ ಇಂಗ್ಲೆಂಡಿನ ಕ್ವೇಕರರು ಈ ತರ್ಕವನ್ನು ಕೊನೆವರೆಗೂ ಒಯ್ದು ನೀರನ್ನೇ ಬಿಟ್ಟರು. 1883ರ ಹೊತ್ತಿಗೆ ಸಾಲ್ವೇಶನ್ ಆರ್ಮಿಯೂ ಸಂಸ್ಕಾರಗಳನ್ನು ಕೈಬಿಟ್ಟಿತು. ಅವರ ನಡುವೆ ಸಂತರಂಥವರು ಆಗಿಹೋಗಿದ್ದಾರೆ. ಅವರೆಲ್ಲ ರಕ್ಷಣೆಯಿಂದ ಹೊರಗೆ ಎನ್ನುವ ಧೈರ್ಯ ಇಂದು ಹೆಚ್ಚಿನವರಿಗಿಲ್ಲ, ನನಗೂ ಇಲ್ಲ. ಆದರೆ ತರ್ಕದಲ್ಲಿ ಒಂದು ಬಿರುಕಿದೆ. ಒಬ್ಬರನ್ನೊಬ್ಬರು ನೋಡದೆಯೂ ಪ್ರೀತಿ ಉಳಿಯಬಹುದು ಎಂದ ಮಾತ್ರಕ್ಕೆ, ಮದುವೆಯಾದವರು ಒಂದೇ ಮನೆಯಲ್ಲಿರುವುದು ಅನಗತ್ಯವಾಗುವುದಿಲ್ಲ. ವಿನಾಯಿತಿಗಳಿರುವುದು ತಲುಪಲಾರದವರಿಗಾಗಿ. ತಲುಪಬಲ್ಲವನು ಅದನ್ನು ತನ್ನ ಹಕ್ಕೆಂದು ಕೇಳಿದರೆ ಅವನು ನಿರಾಕರಿಸುತ್ತಿರುವುದು ನೀರನ್ನಲ್ಲ, ನೀರು ಸೇರಿಸುವ ಜನವನ್ನು. ಕೊರ್ನೇಲ್ಯನ ಮನೆಯಲ್ಲಿ ಆತ್ಮ ಬಂದ ಮೇಲೂ ಪೇತ್ರ ನೀರು ತರಿಸಿದ್ದು ಇದಕ್ಕೇ: ಆ ರೋಮನ್ ಸೈನಿಕನಿಗೆ ಸ್ವರ್ಗ ಸಿಕ್ಕಿದರೆ ಸಾಲದು, ಯೆಹೂದ್ಯ ಕ್ರೈಸ್ತರು ಅವನ ಜೊತೆ ಕೂತು ಉಣ್ಣಬೇಕಿತ್ತು.

ಮಕ್ಕಳ ಪ್ರಶ್ನೆ ಹೆಚ್ಚು ಕಠಿಣ. ನಂಬಲಾರದ ಕೂಸಿಗೆ ದೀಕ್ಷೆ ಕೊಟ್ಟು ಏನು ಪ್ರಯೋಜನ ಎಂದು 1525ರ ಜನವರಿ 21ರಂದು ಜ್ಯೂರಿಕ್ಕಿನ ಒಂದು ಮನೆಯಲ್ಲಿ ಸೇರಿದ ಕೆಲವರು ತಮ್ಮ ತಮ್ಮಲ್ಲೇ ಹೊಸದಾಗಿ ದೀಕ್ಷೆ ಕೊಟ್ಟುಕೊಂಡರು. ಮೊದಲು ಕಾನ್ರಾಡ್ ಗ್ರೆಬೆಲ್ ಗಿಯೋರ್ಗ್ ಬ್ಲೌರಾಕನಿಗೆ, ಆಮೇಲೆ ಅವನು ಉಳಿದವರಿಗೆ. ಸುಧಾರಕ ಜ್ವಿಂಗ್ಲಿಯ ಬೆಂಬಲವಿದ್ದ ನಗರಸಭೆ ಇದನ್ನು ಮರಣದಂಡನೆಯ ಅಪರಾಧವೆಂದು ಸಾರಿತು. 1527ರ ಜನವರಿ 5ರಂದು ಆ ಮನೆಯ ಮಗ ಫೆಲಿಕ್ಸ್ ಮಾಂಟ್ಸ್‌ನ ಕೈಗಳನ್ನು ಮಂಡಿಗೆ ಕಟ್ಟಿ ಲಿಮ್ಮಾಟ್ ನದಿಗೆ ನೂಕಿದರು. ನೀರಿನ ಬಗ್ಗೆ ಭಿನ್ನಮತವಿದ್ದವನಿಗೆ ನೀರಿನಲ್ಲೇ ಸಾವು. ಈ ಕ್ರೌರ್ಯದ ವ್ಯಂಗ್ಯ ಕೊಂದವರಿಗೂ ತಿಳಿದಿತ್ತು. ಜ್ಯೂರಿಕ್ಕಿನ ಸುಧಾರಿತ ಸಭೆ ಅಧಿಕೃತವಾಗಿ ಪಶ್ಚಾತ್ತಾಪ ಹೇಳಿದ್ದು 2004ರಲ್ಲಿ. ಮಾಂಟ್ಸ್ ಮತ್ತವನ ಗೆಳೆಯರ ಆಕ್ಷೇಪದಲ್ಲಿ ಹುರುಳಿತ್ತು. ಊರಿಗೂರೇ ಹುಟ್ಟುತ್ತಲೇ ಕ್ರೈಸ್ತವಾಗುವಲ್ಲಿ ದೀಕ್ಷೆ ಜನನ ನೋಂದಣಿಯಾಗಿಬಿಡುತ್ತದೆ. ಆದರೂ ಅವರ ಪ್ರಶ್ನೆಗೆ ಒಂದು ಮರುಪ್ರಶ್ನೆ ಇದೆ: ರಕ್ಷಣೆ ಉಚಿತವಾದ ಕೊಡುಗೆ ಎನ್ನುವುದಾದರೆ, ಕೇಳಲೂ ಬಾರದ ಕೂಸಿಗಿಂತ ಅದನ್ನು ಚೆನ್ನಾಗಿ ತೋರಿಸುವವರು ಯಾರು? ಪ್ರೌಢ ದೀಕ್ಷೆ ಮನುಷ್ಯನ ಉತ್ತರವನ್ನು ಎತ್ತಿಹಿಡಿಯುತ್ತದೆ, ಶಿಶು ದೀಕ್ಷೆ ದೇವರ ಮೊದಲ ಹೆಜ್ಜೆಯನ್ನು. ಒಂದನ್ನು ಇನ್ನೊಂದು ಇಲ್ಲದೆ ಅರ್ಥಮಾಡಿಕೊಳ್ಳಲಾಗದು. ಮಗುವಿನ ದೀಕ್ಷೆ, ಅದನ್ನು ಬೆಳೆಸುವ ಸಭೆ ಇದ್ದಾಗ ಮಾತ್ರ ಅರ್ಥಪೂರ್ಣ ಎಂದು ನನ್ನ ತೀರ್ಮಾನ.

ವಿಧಿಯ ಕಟ್ಟುನಿಟ್ಟಿನ ಬಗ್ಗೆಯೂ ಒಂದು ಮಾತು. 2020ರಲ್ಲಿ ವ್ಯಾಟಿಕನ್, ‘ನಾನು’ ಎನ್ನುವ ಬದಲು ‘ನಾವು’ ಎಂದು ಹೇಳಿ ಕೊಟ್ಟ ದೀಕ್ಷೆ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ಅಮೆರಿಕದ ಫೀನಿಕ್ಸ್‌ನಲ್ಲಿ ಪಾದ್ರಿಯೊಬ್ಬರು ವರ್ಷಗಟ್ಟಲೆ ಹಾಗೆ ಹೇಳಿದ್ದರೆಂದು 2022ರಲ್ಲಿ ಬಯಲಾದಾಗ ಸಾವಿರಾರು ಜನ ಮತ್ತೆ ದೀಕ್ಷೆ ಪಡೆಯಬೇಕಾಯಿತು. ಹೊರಗಿನವರಿಗೆ ಇದು ನಗೆಪಾಟಲು. ಆದರೆ ತರ್ಕ ಹಳೆಯದು: ದೀಕ್ಷೆ ಕೊಡುವವನು ಕ್ರಿಸ್ತ, ಪಾದ್ರಿಯ ಬಾಯಲ್ಲಿ, ಸಭೆ ಅದರ ಮಾಲೀಕನಲ್ಲ. ಇದೇ ತರ್ಕದಿಂದಲೇ ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕದ ಡೊನಾಟಿಸ್ಟರಿಗೆ, ಕೊಟ್ಟವನು ಪಾಪಿಯಾದರೂ ದೀಕ್ಷೆ ಕೆಡುವುದಿಲ್ಲ ಎಂದು ಉತ್ತರಿಸಲಾಗಿತ್ತು. ಅಂದು ಜನರನ್ನು ಭಯದಿಂದ ಬಿಡಿಸಿದ ತರ್ಕವೇ ಫೀನಿಕ್ಸ್‌ನಲ್ಲಿ ಭಯ ಹುಟ್ಟಿಸಿತು. ದೇವರು ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಎಂದು ಅಲ್ಲಿನ ಧರ್ಮಪ್ರಾಂತ್ಯವೇ ನೆನಪಿಸಬೇಕಾಯಿತು.

ದೀಕ್ಷೆ ಜನಕ್ಕೆ ಸೇರಿಸುವ ಕ್ರಿಯೆ ಎಂಬ ನನ್ನ ವಾದಕ್ಕೆ ಅತಿ ಬಲವಾದ ಸವಾಲು ಬಂದದ್ದು ಯೂರೋಪಿನಿಂದಲ್ಲ, ಭಾರತದಿಂದ. 1844ರಲ್ಲಿ ಮಂಗಳೂರಿನಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯನಾದಾಗ, ಊರಿನ ಕಣ್ಣಲ್ಲಿ ಅವನು ಒಂದು ನಂಬಿಕೆಗೆ ಸೇರಿದ್ದಕ್ಕಿಂತ ಒಂದು ಜಾತಿಯಿಂದ ಹೊರಬಿದ್ದಿದ್ದ. ಅಂಥವರ ಪಿತ್ರಾರ್ಜಿತ ಹಕ್ಕು ಉಳಿಸಲು ಬ್ರಿಟಿಷ್ ಸರ್ಕಾರ 1850ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. 1895ರಲ್ಲಿ ಮುಂಬಯಿಯಲ್ಲಿ ಮರಾಠಿ ಕವಿ ನಾರಾಯಣ ವಾಮನ ತಿಲಕ್ ದೀಕ್ಷೆ ಪಡೆದಾಗ ಪತ್ನಿ ಲಕ್ಷ್ಮೀಬಾಯಿ ವರ್ಷಗಟ್ಟಲೆ ಬೇರೆಯೇ ಉಳಿದರು. ಆ ಸಂಕಟವನ್ನು ಅವರು ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅದೇ ತಿಲಕ್ 1917ರಲ್ಲಿ ಮಿಷನ್ನಿನ ಸಂಬಳ ಬಿಟ್ಟು ‘ದೇವರ ದರ್ಬಾರು’ ಎಂಬ ಬಳಗ ಕಟ್ಟಿದರು. ಅದರಲ್ಲಿ ದೀಕ್ಷೆ ಪಡೆದವರಿಗೂ ಪಡೆಯದವರಿಗೂ ಜಾಗವಿತ್ತು. ಆಂಧ್ರದ ಸುಬ್ಬರಾವ್ ಯೇಸುವಿನ ಭಕ್ತರಾಗಿದ್ದೂ ದೀಕ್ಷೆಯನ್ನು ಖಂಡತುಂಡವಾಗಿ ವಿರೋಧಿಸಿದರು. ತಿಲಕ್, ಸುಬ್ಬರಾವ್ ಇಬ್ಬರ ಆಕ್ಷೇಪವೂ ಒಂದೇ ಜಾಡಿನದು: ಈ ದೇಶದಲ್ಲಿ ನೀರು ಕ್ರಿಸ್ತನಿಗೆ ಸೇರಿಸುವುದಿಲ್ಲ, ಒಂದು ಸಮುದಾಯದ ರಿಜಿಸ್ಟರಿಗೆ ಸೇರಿಸುತ್ತದೆ.

ದೀಕ್ಷೆ ಎಂದರೆ ಜನಕ್ಕೆ ಸೇರಿಕೊಳ್ಳುವುದು ಎಂದು ಇಷ್ಟು ಹೊತ್ತು ವಾದಿಸಿದ ನನಗೆ ಇದು ಸುಲಭವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಿಗಿಲ್ಲ. ಮುಂದೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು, ಕ್ರೈಸ್ತರನ್ನು ಇಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ನಿರಾಕರಿಸಿದ್ದನ್ನು ಎತ್ತಿಹಿಡಿದಾಗ, ಪರಿಗಣಿಸಿದ ಸಾಕ್ಷ್ಯಗಳಲ್ಲಿ ಶೈಶವದಲ್ಲೇ ಆದ ಅವರ ದೀಕ್ಷಾಸ್ನಾನವೂ ಒಂದು. ಕೇಳದೆ ಸಿಕ್ಕ ಕೃಪೆ ಎಂದು ಚರ್ಚು ಕರೆಯುವುದೇ ಕಚೇರಿಯಲ್ಲಿ ಕೇಳದೆ ಕಳೆದುಕೊಂಡ ಹಕ್ಕಾಗುತ್ತದೆ. ಹಾಗೆಂದು ತಿಲಕರ ಪರಿಹಾರ, ಅಂದರೆ ನೀರನ್ನು ಐಚ್ಛಿಕ ಮಾಡುವುದು, ನನಗೆ ಸರಿ ಕಾಣುವುದಿಲ್ಲ. ಗಲಾತ್ಯದವರಿಗೆ ಪೌಲ ಬರೆದದ್ದರಲ್ಲಿ ದೀಕ್ಷಾಸ್ನಾನದ ಸಾಮಾಜಿಕ ಅರ್ಥ ಹಸಿಹಸಿಯಾಗಿಯೇ ಇದೆ: ಕ್ರಿಸ್ತನನ್ನು ಧರಿಸಿಕೊಂಡವರಲ್ಲಿ ಯೆಹೂದ್ಯ, ಗ್ರೀಕ, ಆಳು, ಒಡೆಯ, ಗಂಡು, ಹೆಣ್ಣೆಂಬ ಭೇದ ಉಳಿಯಬಾರದು. ಇದು ಮನಸ್ಸಿನೊಳಗಿನ ಭಾವವಾಗಿ ಮಾತ್ರ ಉಳಿಯಲಾಗದು. ನಮ್ಮ ದೇಶದ ದೋಷವಿರುವುದು ದೀಕ್ಷೆ ಸಮುದಾಯಕ್ಕೆ ಸೇರಿಸಿತು ಎಂಬುದರಲ್ಲಿ ಅಲ್ಲ. ಜಾತಿಗೊಂದು ಬೆಂಚು, ಜಾತಿಗೊಂದು ಸ್ಮಶಾನ ಉಳಿಸಿಕೊಂಡ ಸಭೆಗಳು ಯಾವ ಹೊಸ ಸಮುದಾಯಕ್ಕೂ ಸೇರಿಸಲಿಲ್ಲ ಎಂಬುದರಲ್ಲಿ. ದೀಕ್ಷೆಯಿಂದ ಜಾತಿ ಅಳಿಯಿತೆಂದು ಕಾನೂನು ಊಹಿಸುತ್ತದೆ, ಅಳಿದಿಲ್ಲ ಎಂದು ಆ ಸ್ಮಶಾನದ ಗೋಡೆ ಹೇಳುತ್ತದೆ.

ಜನಕ್ಕೆ ಸೇರಿಸುವುದೇ ಮುಖ್ಯವೆಂದು ಒಪ್ಪಿದ ಒಂದು ಪ್ರಯತ್ನವೂ ಇಲ್ಲೇ ನಡೆಯಿತು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಪಂಗಡಗಳು ಕೂಡಿ ಉತ್ತರ ಭಾರತ ಸಭೆಯಾದಾಗ, ಶಿಶುಗಳಿಗೆ ದೀಕ್ಷೆ ಕೊಡುವ ಆಂಗ್ಲಿಕನರು, ಪ್ರೌಢರಿಗಷ್ಟೇ ಕೊಡುವ ಬ್ಯಾಪ್ಟಿಸ್ಟರು ಒಂದೇ ಸೂರಿನಡಿ ಬಂದರು. ಎರಡೂ ಪದ್ಧತಿ ನಡೆಯಲಿ, ಒಬ್ಬರದನ್ನು ಇನ್ನೊಬ್ಬರು ಅಲ್ಲಗಳೆಯದಿರಲಿ ಎಂದಾಯಿತು. ಕೂಸಾಗಿದ್ದಾಗ ದೀಕ್ಷೆ ಪಡೆದವನು ಬೆಳೆದು ಬಂದು, ಈಗ ನನ್ನ ನಂಬಿಕೆಯಿಂದ ಮತ್ತೊಮ್ಮೆ ಬೇಕು ಎಂದರೇನು ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ಒಪ್ಪಂದ ಉತ್ತರ ಕೊಡದೆ, ಅದನ್ನು ಆಯಾ ಬಿಷಪರ ವಿವೇಚನೆಗೆ ಬಿಟ್ಟಿತು. ಹನ್ನೆರಡು ವರ್ಷಗಳ ನಂತರ, 1982ರಲ್ಲಿ, ಪೆರುವಿನ ಲೀಮಾದಲ್ಲಿ ಜಾಗತಿಕ ಸಭೆಗಳ ಮಂಡಳಿಯ ದೈವಶಾಸ್ತ್ರಜ್ಞರು ಎರಡನೇ ದೀಕ್ಷೆ ಎಂದು ಕಾಣುವ ಯಾವ ಆಚರಣೆಯೂ ಬೇಡ ಎಂದು ಬರೆದರು. ಬ್ಯಾಪ್ಟಿಸ್ಟರಲ್ಲಿ ಹಲವರು ಅದನ್ನು ಒಪ್ಪಿಲ್ಲ, ಅವರ ಕಾರಣಗಳು ಜ್ಯೂರಿಕ್ಕಿನ ಆ ಮನೆಯಲ್ಲಿ ಸೇರಿದವರ ಕಾರಣಗಳೇ.